ಗೋಡೆಯ ಮೇಲಿನ ಮುಖಕ್ಕೆ ಯಾವ ಬಣ್ಣ?



ಚುನಾವಣೆ ಬಂದಿತೆಂದರೆ ಗುಮ್ಮಳಾಪುರದಿಂದ ತಳಿಗೆ, ತಳಿಯಿಂದ ಹೊಸೂರಿಗೆ ಹೋಗುವ ದಾರಿಯಲ್ಲಿ ಖಾಲಿ ಗೋಡೆ ಎಂಬುದು ಉಳಿಯುವುದಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ನಮ್ಮ ಸೀಮೆಯಲ್ಲಿ ಗೋಡೆಯ ಅಕ್ಷರ ಎಲ್ಲರಿಗೂ ಓದಲು ಬರುವುದಿಲ್ಲ. ಆದರೆ ಚಿತ್ರವನ್ನು ಎಲ್ಲರೂ ಓದುತ್ತಾರೆ. ಶಾಲೆಗೆ ಹೋಗದ ಅಜ್ಜಿಯೂ ಓದುತ್ತಾಳೆ, ಇನ್ನೂ ಶಾಲೆಗೆ ಸೇರದ ಮಗುವೂ ಓದುತ್ತದೆ. ಆದುದರಿಂದಲೇ ಪಕ್ಷಗಳವರು ಅಕ್ಷರಕ್ಕಿಂತ ಚಿತ್ರಕ್ಕೆ ಹೆಚ್ಚು ಹಣ ಸುರಿಯುತ್ತಾರೆ.

ಆ ಚಿತ್ರಗಳ ಮುಂದೆ ಸ್ವಲ್ಪ ನಿಂತು ನೋಡಿ. ನಾಯಕರ ಮುಖ ರೋಜಾ ಬಣ್ಣ. ಒಂದು ದಿನವೂ ಬಿಸಿಲು ಕಾಣದವರಂತೆ ಕೆನ್ನೆ ಹೊಳೆಯುತ್ತದೆ. ಅದೇ ಫ್ಲೆಕ್ಸಿನ ಕೆಳಮೂಲೆಯಲ್ಲಿ ಕೈಮುಗಿದು ನಿಂತ ಕೂಲಿ ಹೆಂಗಸು, ತಲೆಯ ಮೇಲೆ ಹೊರೆ ಹೊತ್ತ ಮುದುಕ. ಇವರು ಕಪ್ಪು. ಕೊಡುವ ಕೈ ಬಿಳುಪು, ಬೇಡುವ ಕೈ ಕಪ್ಪು. ಹೀಗೆಂದು ಯಾರೂ ಅಕ್ಷರದಲ್ಲಿ ಬರೆದಿಲ್ಲ. ಬರೆದಿದ್ದರೆ ನಾವು ಸಿಟ್ಟಾಗುತ್ತಿದ್ದೆವು. ಬರೆಯದೆ ಇರುವುದರಿಂದ ಸುಮ್ಮನೆ ನೋಡಿ ಮುಂದೆ ಹೋಗುತ್ತೇವೆ. ಆದರೆ ಚಿತ್ರ ನಮ್ಮೊಡನೆ ಲೈನು ಮನೆಯವರೆಗೂ ಬರುತ್ತದೆ.

ಮೈಬಣ್ಣ, ಮುಖಲಕ್ಷಣ, ಕುಲಮೂಲ ಇವುಗಳ ಚಿತ್ರ ತೋರಿಸಿ ಮತ ಕೇಳುವುದರಿಂದ ದುಡಿಯುವವರಿಗೆ ಏನು ಬರುತ್ತದೆ, ಏನು ಹೋಗುತ್ತದೆ ಎಂಬುದನ್ನು ಈ ಸಲ ವಿಚಾರ ಮಾಡೋಣ.

ಕಪ್ಪು ಬಣ್ಣದ ರಾಜಕೀಯ

ನಮ್ಮ ಕಡೆ ಈ ಮಾತಿನ ಬೇರು ಹಳೆಯದು. ತಿರುನೆಲ್ವೇಲಿ ಸೀಮೆಯಲ್ಲಿ ಸೇವೆ ಮಾಡುತ್ತಿದ್ದ ಮಿಷನರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ತಮಿಳು, ತೆಲುಗು, ಕನ್ನಡ, ಮಲಯಾಳ, ತುಳು ಇವೆಲ್ಲ ಒಂದೇ ಕುಟುಂಬದ ಮಾತುಗಳೆಂದು ಅದರಲ್ಲಿ ತೋರಿಸಿದರು. ಅದು ಮುಖ್ಯವಾಗಿ ನಾಲಿಗೆಯ ವಿಚಾರ. ಕಾಲ ಕಳೆದಂತೆ ಜನರು ಅದನ್ನು ರಕ್ತದ ವಿಚಾರವೆಂದು ತಿಳಿದರು. ಆರ್ಯರು ಬಿಳಿಯರು, ದ್ರಾವಿಡರು ಕರಿಯರು. ಅವರು ಬಂದವರು, ಇವರು ಇದ್ದವರು ಎಂಬ ಮಾತು ವೇದಿಕೆ ಏರಿತು. ಉತ್ತರದವರಾಗಲಿ ದಕ್ಷಿಣದವರಾಗಲಿ ನಮ್ಮ ದೇಶದ ಬಹುತೇಕ ಎಲ್ಲರ ರಕ್ತವೂ ಬೆರೆತದ್ದೇ ಎಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಆದರೂ ವೇದಿಕೆಯ ಮಾತು ನಿಂತಿಲ್ಲ.

1944ರಲ್ಲಿ ಸೇಲಂನಲ್ಲಿ ಜಸ್ಟಿಸ್ ಪಕ್ಷವು ದ್ರಾವಿಡರ ಕಳಗಂ ಎಂದು ಹೆಸರು ಬದಲಿಸಿಕೊಂಡಿತು. ಆಗ ನಮ್ಮ ಹೊಸೂರು ಸೇಲಂ ಜಿಲ್ಲೆಯಲ್ಲೇ ಇತ್ತು. ಕಪ್ಪು ಬಾವುಟ, ನಡುವೆ ಕೆಂಪು ವೃತ್ತ. ಪೆರಿಯಾರ್ ಅವರ ಅನುಯಾಯಿಗಳು ಕಪ್ಪು ಅಂಗಿ ತೊಟ್ಟರು. 1949ರಲ್ಲಿ ಅಣ್ಣಾದುರೈ ಕಟ್ಟಿದ ದ್ರಾವಿಡ ಮುನ್ನೇತ್ರ ಕಳಗಂ ಬಾವುಟವೂ ಕಪ್ಪು ಕೆಂಪೇ ಆಯಿತು. ಇದರಿಂದ ಒಳ್ಳೆಯದೂ ಆಯಿತೆಂದು ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಪ್ಪು ಎಂದರೆ ಅಪಶಕುನ, ಕೀಳು ಎಂದು ಕೇಳಿ ಕೇಳಿ ತಲೆ ತಗ್ಗಿಸಿದ್ದ ಜನ ಅದೇ ಬಣ್ಣವನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದರು. ನಾಚಿಕೆ ಕಳೆಯಿತು.

ಆದರೆ ಒಂದು ಸಂಗತಿ ಗಮನಿಸಿ. 1954ರಿಂದ 1963ರವರೆಗೆ ಮುಖ್ಯಮಂತ್ರಿಯಾಗಿದ್ದ ಕಾಮರಾಜರನ್ನು ಜನರು ಪ್ರೀತಿಯಿಂದ 'ಕಪ್ಪು ಗಾಂಧಿ' ಎಂದರು. 2005ರಲ್ಲಿ ಪಕ್ಷ ಕಟ್ಟಿ, 2011ರಲ್ಲಿ ವಿರೋಧ ಪಕ್ಷದ ನಾಯಕರಾಗಿ, 2023ರ ಡಿಸೆಂಬರಿನಲ್ಲಿ ತೀರಿಕೊಂಡ ವಿಜಯಕಾಂತ್ ಅವರನ್ನು ಅಭಿಮಾನಿಗಳು 'ಕಪ್ಪು ಎಂ.ಜಿ.ಆರ್.' ಎಂದರು. ಹೊಗಳಿಕೆಯೇ ಸರಿ. ಆದರೆ ಆ ಹೊಗಳಿಕೆಯ ಒಳಗೆ ಏನಿದೆ? ಕರಿಯ ಮನುಷ್ಯ ದೊಡ್ಡವನಾದರೆ ಅವನಿಗೆ ಇನ್ನೊಬ್ಬರ ಹೆಸರು ಕೊಟ್ಟು, ಹಿಂದೆ 'ಕಪ್ಪು' ಎಂದು ಗುರುತು ಹಾಕಬೇಕು. 'ಬಿಳಿ ಕಾಮರಾಜ್' ಎಂದು ಯಾರನ್ನೂ ಯಾರೂ ಕರೆದದ್ದಿಲ್ಲ. ಅಳತೆಗೋಲು ಯಾರ ಕೈಯಲ್ಲಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

1967ರ ಚುನಾವಣೆಯನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ವರ್ಷ ಜನವರಿ 12ರಂದು ಎಂ.ಜಿ.ಆರ್. ಅವರಿಗೆ ಗುಂಡೇಟು ಬಿತ್ತು. ಕುತ್ತಿಗೆಗೆ ಬ್ಯಾಂಡೇಜು ಕಟ್ಟಿದ ಅವರ ಚಿತ್ರ ರಾಜ್ಯದ ಗೋಡೆಗೋಡೆಗೂ ಅಂಟಿತು. ಅವರು ಆಸ್ಪತ್ರೆಯಲ್ಲೇ ಮಲಗಿದ್ದು ಪರಂಗಿಮಲೈ ಕ್ಷೇತ್ರ ಗೆದ್ದರು. ಆದರೆ ಆ ಚಿತ್ರದ ಜೊತೆಗೆ ಇನ್ನೊಂದು ಮಾತೂ ಇತ್ತು: ರೂಪಾಯಿಗೆ ಮೂರು ಪಡಿ ಅಕ್ಕಿ ನಮ್ಮ ಗುರಿ, ಒಂದು ಪಡಿ ಖಂಡಿತ. ಗೆದ್ದ ಮೇಲೆ ರೂಪಾಯಿಗೆ ಒಂದು ಪಡಿ ಅಕ್ಕಿ ಮದರಾಸು, ಕೊಯಮತ್ತೂರು ನಗರಗಳಲ್ಲಿ ಶುರುವಾಯಿತು, ರಾಜ್ಯಕ್ಕೆಲ್ಲ ಹರಡಲಿಲ್ಲ. ಜನರು ಕೇಳಿದರು, ಸರ್ಕಾರ ಉತ್ತರ ಹೇಳಬೇಕಾಯಿತು. ಅಕ್ಕಿಯ ಮಾತನ್ನು ಅಳೆದು ಕೇಳಬಹುದು. ಮುಖದ ಮಾತನ್ನು ಅಳೆಯಲು ಯಾವ ಪಡಿಯೂ ಇಲ್ಲ. ಈ ಭೇದವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಚಿನ ಎರಡು ಸಂಗತಿ

ಇದು ಹಳೆಯ ಕಥೆಯೆಂದು ತಿಳಿಯಬೇಡಿ. 2024ರ ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ, ಮೇ 8ರಂದು, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅವರ ಒಂದು ಸಂದರ್ಶನದ ಮಾತು ದೇಶದಲ್ಲೆಲ್ಲ ಸುತ್ತಿತು. ಭಾರತದ ವೈವಿಧ್ಯವನ್ನು ಹೇಳಲು ಹೋಗಿ ಅವರು ಪೂರ್ವದವರು ಚೀನಿಯರಂತೆ, ಪಶ್ಚಿಮದವರು ಅರಬರಂತೆ, ದಕ್ಷಿಣದವರು ಆಫ್ರಿಕದವರಂತೆ ಕಾಣುತ್ತಾರೆ ಎಂದಿದ್ದರು. ಅಂದೇ ವಾರಂಗಲ್ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ, ಮೈಬಣ್ಣ ಹಿಡಿದು ನನ್ನ ದೇಶದ ಜನರನ್ನು ಅವಮಾನಿಸಿದರೆ ಸಹಿಸುವುದಿಲ್ಲ ಎಂದು ಗುಡುಗಿದರು. ಪಿತ್ರೋಡಾ ಅಂದೇ ಸ್ಥಾನ ಬಿಟ್ಟರು. ಮುಂದಿನ ತಿಂಗಳು ಅದೇ ಸ್ಥಾನಕ್ಕೆ ಮರಳಿ ಬಂದರು. ಇದಕ್ಕೆ ಏಳು ವರ್ಷ ಮೊದಲು, 2017ರ ಏಪ್ರಿಲಿನಲ್ಲಿ, ಬಿ.ಜೆ.ಪಿ.ಯ ಮಾಜಿ ಸಂಸದ ತರುಣ್ ವಿಜಯ್, ನಮ್ಮಲ್ಲಿ ವರ್ಣಭೇದ ಇಲ್ಲವೆಂದು ಸಾಧಿಸಲು, ದಕ್ಷಿಣದ ಕರಿಯರ ಜೊತೆ ನಾವು ಬಾಳುತ್ತಿಲ್ಲವೇ ಎಂಬ ಅರ್ಥದ ಮಾತಾಡಿ ಕ್ಷಮೆ ಕೇಳಿದ್ದರು.

ಎರಡೂ ಕಡೆಯವರ ಮಾತಿನಲ್ಲಿ ದಕ್ಷಿಣದವರು ನೋಡಲು ಇಟ್ಟ ವಸ್ತುಗಳು. ಒಬ್ಬರು ತೋರಿಸಿದರು, ಇನ್ನೊಬ್ಬರು ಮರುಗಿದರು. ಆ ಕಪ್ಪು ಚರ್ಮದವರಿಗೆ ದಿನಗೂಲಿ ಎಷ್ಟು, ವಿಧವೆಯರಿಗೆ ಪಿಂಚಣಿ ಬಂದಿತೋ ಇಲ್ಲವೋ ಎಂದು ಆ ದಿನದ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಎರಡನೆಯದು ಕರ್ನಾಟಕದ್ದು. ಅದೇ ಮೇ 4ರಂದು ಬಿ.ಜೆ.ಪಿ.ಯ ಕರ್ನಾಟಕ ಘಟಕ ಒಂದು ವ್ಯಂಗ್ಯಚಿತ್ರದ ವಿಡಿಯೋ ಬಿಟ್ಟಿತು. ಗೂಡಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ಮೊಟ್ಟೆಗಳು. ರಾಹುಲ್ ಗಾಂಧಿ, ಸಿದ್ದರಾಮಯ್ಯ ಅವರನ್ನು ಹೋಲುವ ಚಿತ್ರಗಳು ಬಂದು ಮುಸ್ಲಿಮರೆಂಬ ಮೊಟ್ಟೆಯನ್ನು ಅದರೊಳಗೆ ಇಡುತ್ತವೆ. ಆ ಮರಿಗೆ ಮಾತ್ರ ಗುಟುಕು ಸಿಗುತ್ತದೆ, ಅದು ಬೆಳೆದು ಉಳಿದವುಗಳನ್ನು ಹೊರಗೆ ನೂಕುತ್ತದೆ. ಇಲ್ಲಿ ಮೈಬಣ್ಣದ ಮಾತಿಲ್ಲ. ಆದರೆ ಮನುಷ್ಯರನ್ನು ಬೇರೆ ಬೇರೆ ಜಾತಿಯ ಹಕ್ಕಿಗಳಂತೆ ತೋರಿಸುವುದೆಂದರೆ, ಅವರ ಗುಣ ಮೊಟ್ಟೆಯಲ್ಲೇ ಬಂದದ್ದು, ಬದಲಾಗದು ಎಂದು ಹೇಳಿದಂತೆ. ವರ್ಣಭೇದದ ತಿರುಳೇ ಇದು. ಅದನ್ನು ತೆಗೆದುಹಾಕುವಂತೆ ಚುನಾವಣಾ ಆಯೋಗವು ಎಕ್ಸ್ ಸಂಸ್ಥೆಗೆ ಆದೇಶಿಸಿದ್ದು ಮೇ 7ರಂದು. ಅಂದು ಕರ್ನಾಟಕದ ಉಳಿದ 14 ಕ್ಷೇತ್ರಗಳ ಮತದಾರರು ಆಗಲೇ ಸಾಲಿನಲ್ಲಿ ನಿಂತಿದ್ದರು. ಚಿತ್ರ ತನ್ನ ಕೆಲಸ ಮುಗಿಸಿತ್ತು.

ಅಮೆರಿಕದಿಂದ ಒಂದು ಪಾಠ

ಇಂಥ ಚಿತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅಮೆರಿಕದಲ್ಲಿ ಬಹಳ ದಿನಗಳಿಂದ ಪರೀಕ್ಷಿಸಿದ್ದಾರೆ. 1988ರ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜ್ ಬುಷ್ ಪರವಾದ ಒಂದು ಗುಂಪು ಟೆಲಿವಿಷನ್ನಿನಲ್ಲಿ ಒಂದು ಜಾಹೀರಾತು ಹಾಕಿತು. ಎದುರಾಳಿ ಡುಕಾಕಿಸ್ ರಾಜ್ಯಪಾಲರಾಗಿದ್ದಾಗ ಜೈಲಿನಿಂದ ರಜೆಯ ಮೇಲೆ ಬಿಟ್ಟ ವಿಲಿ ಹಾರ್ಟನ್ ಎಂಬ ಕೈದಿ ಹಿಂತಿರುಗದೆ ಘೋರ ಅಪರಾಧ ಮಾಡಿದ್ದ. ಅಪರಾಧ ನಿಜ. ಆದರೆ ಜಾಹೀರಾತು ಅವನ ಕಪ್ಪು ಮುಖವನ್ನು ದೊಡ್ಡದಾಗಿ ತೋರಿಸಿತು. 'ಕರಿಯ' ಎಂಬ ಒಂದು ಪದವನ್ನೂ ಉಚ್ಚರಿಸಲಿಲ್ಲ. ಪದ ಬೇಕಿರಲಿಲ್ಲ, ಮುಖ ಸಾಕಾಗಿತ್ತು.

ಇನ್ನೊಂದು ನಮಗೆ ಹೆಚ್ಚು ಹತ್ತಿರದ್ದು. 1990ರಲ್ಲಿ ಉತ್ತರ ಕೆರೋಲಿನಾದಲ್ಲಿ ಜೆಸ್ಸಿ ಹೆಲ್ಮ್ಸ್ ಎಂಬ ಬಿಳಿಯ ಸಂಸದನ ಎದುರು ಹಾರ್ವೆ ಗ್ಯಾಂಟ್ ಎಂಬ ಕರಿಯ ಅಭ್ಯರ್ಥಿ ನಿಂತಿದ್ದರು. ಹೆಲ್ಮ್ಸ್ ಪರ ಜಾಹೀರಾತಿನಲ್ಲಿ ಮುಖವೇ ಇಲ್ಲ; ಎರಡು ಬಿಳಿಯ ಕೈಗಳು ಮಾತ್ರ. ಆ ಕೈಗಳು ಕೆಲಸ ಇಲ್ಲವೆಂದು ಬಂದ ಕಾಗದವನ್ನು ಮುದುಡುತ್ತವೆ. ನಿನಗೇ ಬರಬೇಕಾದ ಕೆಲಸವನ್ನು ಬಣ್ಣದ ಕಾರಣಕ್ಕೆ ಇನ್ನೊಬ್ಬನಿಗೆ ಕೊಟ್ಟರು ಎಂಬುದು ಅದರ ಹುರುಳು. ಹೆಲ್ಮ್ಸ್ ಗೆದ್ದರು. ಕೆಲಸ ಕಳೆದುಕೊಂಡವನ ನೋವು ನಿಜವೇ. ಆದರೆ ಕಾರ್ಖಾನೆ ಮುಚ್ಚಿದವರು ಯಾರು, ಕೂಲಿ ಇಳಿಸಿದವರು ಯಾರು ಎಂದು ಆ ಕೈಗಳು ಕೇಳಲಿಲ್ಲ. ಪಕ್ಕದ ಕೂಲಿಯವನ ಕಡೆಗೆ ಬೆರಳು ತೋರಿಸಿದವು.

ಇದನ್ನೆಲ್ಲ ಅಧ್ಯಯನ ಮಾಡಿದ ಟಾಲಿ ಮೆಂಡೆಲ್‌ಬರ್ಗ್ ಎಂಬ ವಿದ್ವಾಂಸೆ 2001ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವಿಚಾರ ಮುಂದಿಟ್ಟರು. ಗುಟ್ಟಾಗಿ ಹೇಳಿದಷ್ಟು ಕಾಲ ಮಾತ್ರ ಇಂಥ ಚಿತ್ರಕ್ಕೆ ಶಕ್ತಿ. 1988ರ ಅಕ್ಟೋಬರಿನಲ್ಲಿ ಕರಿಯರ ನಾಯಕ ಜೆಸ್ಸಿ ಜಾಕ್ಸನ್ ಎದ್ದು ನಿಂತು, ಇದು ವರ್ಣದ್ವೇಷ ಎಂದು ಬಹಿರಂಗವಾಗಿ ಹೇಳಿದ ಮೇಲೆ ಹಾರ್ಟನ್ ಮುಖದ ಪ್ರಭಾವ ಕುಗ್ಗಿತೆಂದು ಅವರು ತೋರಿಸಿದರು. ಈಚೆಗೆ ನಾಚಿಕೆ ಬಿಟ್ಟು ನೇರವಾಗಿಯೇ ದ್ವೇಷ ಆಡುವ ಕಾಲ ಬಂದಿದೆ, ಈಗ ಹೆಸರಿಟ್ಟು ಕರೆದರೂ ಅಷ್ಟು ಫಲವಿಲ್ಲ ಎಂದು ವಾದಿಸುವವರೂ ಇದ್ದಾರೆ. ಇರಬಹುದು. ಆದರೂ ಸುಮ್ಮನಿದ್ದವರಿಗಿಂತ ಕೇಳಿದವರು ಮೋಸ ಹೋಗುವುದು ಕಡಿಮೆ ಎಂಬುದು ಬಟವಾಡೆಯ ದಿನ ಮೇಸ್ತ್ರಿಯ ಲೆಕ್ಕ ಕೇಳಿ ಬಲ್ಲ ನಮಗೆಲ್ಲ ಗೊತ್ತು.

ಚಿತ್ರ ಹರಿದ ಮೇಲೆ ಏನು ಉಳಿಯುತ್ತದೆ

ಪ್ರಚಾರದ ಕಾಗದ ಮಳೆಗೆ ಹರಿದುಹೋಗುತ್ತದೆ, ಆಮೇಲೆ ಏನು ನಷ್ಟ ಎನ್ನುವಿರಾ? ಸಿಲೋನಿನಿಂದ ಬಂದವರನ್ನು ಕೇಳಿ. ನೀಲಗಿರಿಯ ಚಹಾ ತೋಟಗಳಲ್ಲಿ, ಪುತ್ತೂರು, ಸುಳ್ಯದ ರಬ್ಬರ್ ತೋಟಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. 1947ರಲ್ಲಿ ಸಿಲೋನಿನ ಚಹಾ ಎಸ್ಟೇಟಿನ ಕೂಲಿಗಳು ಮತ ಹಾಕಿ ತಮ್ಮ ಸಂಘದ 7 ಜನರನ್ನು ಸಂಸತ್ತಿಗೆ ಕಳಿಸಿದರು. 1948ರಲ್ಲಿ ಪೌರತ್ವ ಕಾಯ್ದೆ ಬಂದಿತು. ಅವರಲ್ಲಿ ಬಹುಪಾಲು ಜನ ದೇಶವಿಲ್ಲದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು. 1956ರಲ್ಲಿ 'ಸಿಂಹಳ ಮಾತ್ರ' ಎಂಬ ಕೂಗಿನ ಮೇಲೆ ಬಂಡಾರನಾಯಕೆ ಗೆದ್ದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ ಎಂದು ತಲೆ ಎಣಿಸಿ ಹಂಚಿದರು. ಉಳಿದವರ ಲೆಕ್ಕ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಆ ಗುಡ್ಡಗಳಿಗೆ ಚಹಾ ತಂದವರು ಇವರ ಅಜ್ಜಂದಿರಲ್ಲ, ಆದರೆ ಬೆಳೆಸಿದವರು ಇವರೇ. ಕುಲಮೂಲದ ರಾಜಕೀಯ ಕೊನೆಗೆ ಬಂದು ನಿಂತದ್ದು ಲೈನು ಮನೆಯ ಬಾಗಿಲಿನಲ್ಲಿ.

ಈಗ ನಮ್ಮ ಬಾಗಿಲನ್ನು ನೋಡೋಣ. ಹೊಸೂರಿನ ಕಾರ್ಖಾನೆಗಳಲ್ಲಿ, ನಮ್ಮ ಸುತ್ತಿನ ತೋಟಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನ ಹುಡುಗರು ದುಡಿಯುತ್ತಿದ್ದಾರೆ. ಅವರ ಮುಖ ಬೇರೆ, ಮಾತು ಬೇರೆ. ಇವರಿಂದಲೇ ನಮಗೆ ಕೆಲಸ ಹೋಯಿತು ಎಂಬ ಮಾತು ಟೀ ಅಂಗಡಿಯಲ್ಲಿ ಕೇಳುತ್ತದೆ. 2023ರ ಮಾರ್ಚಿನಲ್ಲಿ, ತಮಿಳುನಾಡಿನಲ್ಲಿ ಬಿಹಾರದ ಕೂಲಿಗಳನ್ನು ಕೊಲ್ಲುತ್ತಿದ್ದಾರೆಂದು ವಿಡಿಯೋಗಳು ಹರಿದಾಡಿದವು. ಬೇರೆ ಕಡೆಯ, ಬೇರೆ ಕಾರಣದ ಜಗಳಗಳನ್ನು ತಂದು ಅಂಟಿಸಿದ ಸುಳ್ಳುಗಳೆಂದು ಪೊಲೀಸರು ತಿಳಿಸಿ ಮೊಕದ್ದಮೆ ಹೂಡಿದರು. ಬಿಹಾರ ವಿಧಾನಸಭೆಯಲ್ಲಿ ಗದ್ದಲವಾಯಿತು, ಅಲ್ಲಿಯ ಸರ್ಕಾರ ತಂಡ ಕಳಿಸಿ ವಿಚಾರಿಸಿತು. ಅಷ್ಟರಲ್ಲಿ ಹೆದರಿದ ಎಷ್ಟೋ ಹುಡುಗರು ಊರಿನ ರೈಲು ಹತ್ತಿದ್ದರು. ಅವರ ಕೂಲಿ ಹೋಯಿತು. ನಮ್ಮವರ ಕೂಲಿ ಹೆಚ್ಚಿತೇ? ಅದೂ ಇಲ್ಲ.

ಕೂಲಿ ಇಳಿಯುವುದು ಅವರ ಮುಖದಿಂದ ಅಲ್ಲ. ಸಂಘವಿಲ್ಲದ, ಹಾಜರಿ ಪುಸ್ತಕವಿಲ್ಲದ, ಕೇಳುವ ಮಾತು ಬಾರದ ಕೈಗಳು ಗುತ್ತಿಗೆದಾರನಿಗೆ ಅಗ್ಗವಾಗಿ ಸಿಗುವುದರಿಂದ. ಅವರನ್ನು ದೂರ ಇಟ್ಟಷ್ಟೂ ಅವರು ಅಗ್ಗವಾಗಿಯೇ ಇರುತ್ತಾರೆ, ನಮ್ಮನ್ನೂ ಅಗ್ಗ ಮಾಡುತ್ತಾರೆ. ಸಿಲೋನಿನಲ್ಲಿ ನಮ್ಮವರಿಗೆ ಆದದ್ದನ್ನು ಇಲ್ಲಿ ನಾವು ಇನ್ನೊಬ್ಬರಿಗೆ ಮಾಡಬಾರದು.

ಕಾನೂನು ಏನು ಹೇಳುತ್ತದೆ

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3) ಕಲಮಿನಂತೆ ಧರ್ಮ, ಮೂಲವಂಶ, ಜಾತಿ, ಸಮುದಾಯ, ಭಾಷೆ ಇವುಗಳ ಹೆಸರಿನಲ್ಲಿ ಅಭ್ಯರ್ಥಿಯೋ ಅವನ ಒಪ್ಪಿಗೆ ಪಡೆದವರೋ ಮತ ಕೇಳುವುದು ಭ್ರಷ್ಟ ಆಚರಣೆ. ಇದರಿಂದ ಗೆದ್ದ ಸ್ಥಾನವೇ ರದ್ದಾಗಬಹುದು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು, ಅಭ್ಯರ್ಥಿಯದ್ದಷ್ಟೇ ಅಲ್ಲ, ಮತದಾರನ ಧರ್ಮ, ಜಾತಿ, ಭಾಷೆ ಹಿಡಿದು ಕೇಳುವುದೂ ತಪ್ಪೆಂದು ತೀರ್ಪು ಕೊಟ್ಟಿತು. ನಾಲ್ವರು ಒಪ್ಪಿದರು, ಮೂವರು ಒಪ್ಪಲಿಲ್ಲ. ಜಾತಿ, ಭಾಷೆಯ ಕಾರಣಕ್ಕೆ ತುಳಿತಕ್ಕೆ ಸಿಕ್ಕವರು ತಮ್ಮ ನೋವು ಹೇಳಿಕೊಳ್ಳುವುದನ್ನು ತಡೆಯಬಾರದು ಎಂಬುದು ಆ ಮೂವರ ಕಳಕಳಿ. ಅವರ ಮಾತಿನಲ್ಲೂ ಸತ್ಯವಿದೆ. ನನ್ನ ಬಣ್ಣಕ್ಕೆ ಅನ್ಯಾಯವಾಗಿದೆ ಎಂದು ಹೇಳುವುದು ಒಂದು; ಆ ಬಣ್ಣದವನೇ ನಿನ್ನ ಶತ್ರು ಎಂದು ಹೇಳುವುದು ಇನ್ನೊಂದು. ಮೊದಲನೆಯದು ಗಾಯ ತೋರಿಸುತ್ತದೆ, ಎರಡನೆಯದು ಗಾಯ ಮಾಡುತ್ತದೆ.

ಅದೇ ಕಾಯ್ದೆಯ 127ಎ ಕಲಮಿನಂತೆ ಪ್ರತಿಯೊಂದು ಚುನಾವಣಾ ಪೋಸ್ಟರು, ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆಸರಿಲ್ಲದ ಕಾಗದ ಕಂಡರೆ ಫೋಟೋ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಕಳಿಸಬಹುದು. ಮೊಬೈಲು ಬಾರದವರು ಮನೆಯ ಹುಡುಗರ ಕೈಯಲ್ಲಿ ಕಳಿಸಲಿ. ಕೋಪದಿಂದ ಪೋಸ್ಟರು ಹರಿಯುವುದು, ಸಗಣಿ ಎರಚುವುದು ಬೇಡ. ಅದರಿಂದ ಮೊಕದ್ದಮೆ ನಮ್ಮ ಮೇಲೇ ಬರುತ್ತದೆ.

ಮೂರು ಪ್ರಶ್ನೆ

ಮುಂದಿನ ಚುನಾವಣೆ ಪಂಚಾಯಿತಿಯದೇ ಆಗಲಿ, ಪಾರ್ಲಿಮೆಂಟಿನದೇ ಆಗಲಿ, ಗೋಡೆಯ ಮೇಲೆ, ಮೊಬೈಲಿನಲ್ಲಿ ಚಿತ್ರ ಬಂದಾಗ ಮನೆಯವರೆಲ್ಲ ಕೂಡಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು: ಈ ಚಿತ್ರ ನಮಗೆ ಏನನ್ನು ಕೊಡುತ್ತೇನೆಂದು ಹೇಳುತ್ತದೆ, ಅಳೆಯಬಹುದಾದ ಅಕ್ಕಿಯೋ, ಕೂಲಿಯೋ, ಪಟ್ಟಾ ಜಾಗವೋ? ಎರಡು: ಏನನ್ನೂ ಕೊಡದೆ ಯಾರನ್ನಾದರೂ ಹೆದರಿಕೊಳ್ಳಲು ಹೇಳುತ್ತದೆಯೇ? ಮೂರು: ಇದರಲ್ಲಿರುವ ಮುಖ ನಮ್ಮ ಮಗುವಿನ ಮುಖವಾಗಿದ್ದರೆ ಇದನ್ನು ಗೋಡೆಗೆ ಅಂಟಿಸಲು ಒಪ್ಪುತ್ತಿದ್ದೆವೇ? ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮತ ಕೇಳಲು ಬಂದವರ ಎದುರಿಗೇ, ಗೌರವದಿಂದ, ಎಲ್ಲರಿಗೂ ಕೇಳುವಂತೆ ಹೇಳಿ: ಅಣ್ಣಾ, ಈ ಚಿತ್ರ ಯಾರನ್ನು ಬೈಯುತ್ತಿದೆ, ನೀವೇ ಹೇಳಿ.

ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಅಕ್ಕ ಮಿರ್ಯಾಮಳ ಕಥೆ ನಮಗೆಲ್ಲ ತಿಳಿದದ್ದೇ. ತಮ್ಮ ಕೂಷ್ ದೇಶದ ಹೆಂಗಸನ್ನು ಮದುವೆಯಾದನೆಂದು ಅವಳು ಆಡಿಕೊಂಡಳು. ಕೂಷ್ ಎಂದರೆ ಈಜಿಪ್ಟಿಗೆ ತೆಂಕಣ ಕರಿಯರ ನಾಡು. ಹಾಗೆ ಆಡಿಕೊಂಡವಳ ಮೈ ತೊನ್ನು ಹತ್ತಿ ಹಿಮದಂತೆ ಬೆಳ್ಳಗಾಯಿತು. ಏಳು ದಿನ ಅವಳನ್ನು ಪಾಳೆಯದ ಹೊರಗೆ ಇರಿಸಿದರು. ಆ ಏಳು ದಿನವೂ ಜನರೆಲ್ಲ ಮುಂದೆ ಹೊರಡದೆ ಕಾದರು. ಒಬ್ಬರನ್ನು ಬಣ್ಣದಿಂದ ಅಳೆದರೆ ಇಡೀ ಪಾಳೆಯದ ಪ್ರಯಾಣವೇ ನಿಲ್ಲುತ್ತದೆ.

ನಮ್ಮ ಪ್ರಯಾಣ ಇನ್ನೂ ಉದ್ದ ಇದೆ. ಸರಿಯಾದ ಕೂಲಿ, ಸೋರದ ಮನೆ, ಮಕ್ಕಳಿಗೆ ಅವರವರ ಮಾತಿನಲ್ಲಿ ಪಾಠ, ಮುಪ್ಪಿಗೆ ಪಿಂಚಣಿ ಇವು ಯಾವ ಮುಖದ ಬಣ್ಣದಿಂದಲೂ ಬರುವುದಿಲ್ಲ. ಕನ್ನಡದವರು, ತೆಲುಗಿನವರು, ತಮಿಳಿನವರು, ನಿನ್ನೆ ಒಡಿಶಾದಿಂದ ಬಂದು ಪಕ್ಕದ ಕೋಣೆ ಹಿಡಿದ ಹುಡುಗರು, ಎಲ್ಲರೂ ಒಂದೇ ಪಟ್ಟಿ ಹಿಡಿದು ಕೇಳಿದ ದಿನ ಬರುತ್ತವೆ. ಮತ ಹಾಕುವ ಮುನ್ನ ಆ ಪಟ್ಟಿಯನ್ನು ಕೂಡಿ ಬರೆಯೋಣ.